ಬರೀ ಓದುವ ಫಂಕ್ಷನ್

ವಿದ್ಯಾ ಅವರೇ, ಆ ತಪ್ಪು ನಿಮ್ಮದಲ್ಲ, ನನ್ನದು. ನಿಮ್ಮ ನೌಕರಿ ಕಳೆದವನು ನಾನು — ಎಲ್ಲ ಗೊತ್ತಿದ್ದೂ.

ತೊಂಬತ್ತರ ದಶಕದ ಕೊನೆ. ಪುಣೆಯ ನಿಗಡಿಯ ಆ ಸಣ್ಣ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ; ನೀವು ಧಾರವಾಡದವರು, ನಾನು ವಿಜಾಪುರದವನು. ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಕಾಯಿಸುವ ಭಟ್ಟಿಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆವು. ಭಟ್ಟಿ ಎಷ್ಟು ಕಾಯಬೇಕೆಂಬ ಮಿತಿಯನ್ನು ಇಡುವ ಪ್ರೋಗ್ರಾಂ ತುಂಡು, ಆ ಫಂಕ್ಷನ್, ನಿಮ್ಮದು, ಅದನ್ನು ಓದಿ ಪರದೆಯ ಮೇಲೆ ತೋರಿಸುವುದು ನನ್ನದು. ನನ್ನದಕ್ಕೆ 'ಕಾನ್ಸ್ಟ್' ಎಂಬ ಮುದ್ರೆ ಇತ್ತು — ಬರೀ ನೋಡುತ್ತೇನೆ, ಏನನ್ನೂ ಬದಲಿಸುವುದಿಲ್ಲ ಎಂದು ಕೊಟ್ಟ ಮಾತು. ಆ ಮುದ್ರೆ ಇದ್ದದ್ದನ್ನು ನಮ್ಮಲ್ಲಿ ಯಾರೂ ತಪಾಸಣೆ ಮಾಡುತ್ತಿರಲಿಲ್ಲ. ಅದು ಆಫೀಸಿನ ರೂಢಿ.

ಆದರೆ ಆ ಭಾಷೆಯಲ್ಲಿ ಒಂದು ಕಳ್ಳದಾರಿ ಇದೆ. ಒಂದೇ ಸಾಲು ಬರೆದು ಆ ಮಾತನ್ನು ಮುರಿಯಬಹುದು, ಬರೆದದ್ದನ್ನು ಪರೀಕ್ಷಿಸುವ ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ. ಮಾಪಕದ ಲೋಪಕ್ಕಾಗಿ ಮಿತಿಗೆ ತುಸು ಕೂಡಿಸಿ ತೋರಿಸಬೇಕಿತ್ತು. ಮಿತಿಯ ನಕಲು ಮಾಡಿಕೊಂಡು ಅದಕ್ಕೆ ಕೂಡಿಸುವ ತಾಳ್ಮೆ ಇಲ್ಲದೆ, ಮೂಲ ಮಿತಿಗೇ ಕೂಡಿಸಿಬಿಟ್ಟೆ. ಯಾರಾದರೂ ಪರದೆ ನೋಡಿದಾಗಲೆಲ್ಲ ಮಿತಿ ಏರುತ್ತಿತ್ತು. ಬರೀ ನೋಡಿದರೆ!

ಮಾಲು ಸುಟ್ಟು ಹಾಳಾಯಿತು. ಮಿತಿಯನ್ನು ಬದಲಿಸುವುದು ನಿಮ್ಮ ಫಂಕ್ಷನ್ ಒಂದೇ ಎಂದು ಎಲ್ಲರೂ ನಿಮ್ಮ ಮೇಲೆ ಬಿದ್ದರು. ನೀವು ಅತ್ತ ಕಣ್ಣಲ್ಲೇ ನನ್ನ ಮೇಜಿನ ಹತ್ತಿರ ಬಂದಿರಿ.

"ನಿಮ್ಮದರಾಗ ಏನರೆ ಬದಲಾಗ್ತದೇನ್ರಿ? ಒಮ್ಮೆ ನೋಡ್ರಿ, ಕೈ ಮುಗೀತೀನಿ."

"ಕಾನ್ಸ್ಟ್ ಅದ ಅಲ್ರಿ," ಎಂದೆ. "ಹೆಂಗ ಬದಲಾಗ್ತದ?"

ನೀವು ನಂಬಿದಿರಿ. ನನಗೋ ಅಂದು ಬೆಳಿಗ್ಗೆಯೇ ಆ ಸಾಲು ಕಣ್ಣಿಗೆ ಬಿದ್ದಿತ್ತು. ಥೂ, ಎಂಥಾ ಭಂಡ ನಾನು! ಹೆದರಿದ್ದೆ ಎನ್ನಲೇ — ನೀವೂ ಹೆದರಿದ್ದಿರಲ್ಲ. ವಾರ ಕಳೆಯುವುದರೊಳಗೆ ನಿಮ್ಮನ್ನು ತೆಗೆದರು. ಆಮೇಲೆ ಎಲ್ಲಿ ಕೆಲಸ ಕೇಳಿದರೂ ಈ ಸುದ್ದಿ ನಿಮಗಿಂತ ಮೊದಲೇ ಅಲ್ಲಿ ತಲುಪಿರುತ್ತಿತ್ತಂತೆ. ಸದಾಶಿವ ಪೇಠದ ಕ್ಲಾಸೊಂದರಲ್ಲಿ ಟೈಪಿಂಗ್ ಕಲಿಸುತ್ತೀರೆಂದು ಕೇಳಿದೆ. ಅಂದಿನಿಂದ ಆ ರಸ್ತೆಗೇ ಹೋಗುವುದನ್ನು ಬಿಟ್ಟೆ. ನನಗಿಂತ ಚೆನ್ನಾಗಿ ಪ್ರೋಗ್ರಾಂ ಬರೆಯುತ್ತಿದ್ದವರು ನೀವು.

ಇನ್ನೊಂದನ್ನು ಹೇಳಲೇಬೇಕು. ನೀವು ಹೋದ ಮೇಲೆ ಆ ಸಾಲನ್ನು ಸದ್ದಿಲ್ಲದೆ ತಿದ್ದಿದೆ. ಭಟ್ಟಿ ನೆಟ್ಟಗಾಯಿತು — ಅದೂ ನಿಮ್ಮ ವಿರುದ್ಧದ ಸಾಕ್ಷಿಯೇ ಆಯಿತು. "ತೀ ಗೇಲೀ, ತಿಚಾ ಬಗ್ ಪಣ್ ಗೇಲಾ," ಎಂದರು ಮ್ಯಾನೇಜರ್, ಚಹಾ ಕುಡಿಯುತ್ತ. ಅವಳೂ ಹೋದಳು, ಅವಳ ದೋಷವೂ ಹೋಯಿತು ಅಂತ. ಎಲ್ಲರೂ ನಕ್ಕರು.

ನಾನೂ ನಕ್ಕೆ.