ಟ್ಯೂಬ್‌ಲೈಟ್ ಒಡೆಯುವ ಗುರುಲಿಂಗ

ಮಕ್ತಲ್ ಊರಿನ ಗಂಜಿನಲ್ಲಿ, ಕಾಳುಕಡಿಯ ಮಾರುಕಟ್ಟೆಯಲ್ಲಿ, ಮೂಟೆ ಹೊತ್ತು ಹಮಾಲಿ ಮಾಡುವ ಗುರುಲಿಂಗನಿಗೆ ವರ್ಷಕ್ಕೊಂದು ದಿನ ಊರೆಲ್ಲ ತನ್ನದೇ ಅನ್ನಿಸುತ್ತಿತ್ತು. ಗಣಪತಿ ಬಿಡಲು ಹೊರಟ ಮೆರವಣಿಗೆಯಲ್ಲಿ ಅಂಗಿ ಬಿಚ್ಚಿ ನಿಂತು, ಕೆಟ್ಟುಹೋದ ಟ್ಯೂಬ್‌ಲೈಟುಗಳನ್ನು ಎದೆಗೆ ಬಡಿದು ಒಡೆಯುತ್ತಿದ್ದ. ಫಟ್ಟೆಂದು ಸದ್ದಾಗಿ ಬಿಳಿ ಪುಡಿ ಹಾರಿದರೆ ಜನ ಸಿಳ್ಳೆ ಹೊಡೆಯುತ್ತಿದ್ದರು.

ತೆಲಂಗಾಣ ಬೇರೆ ರಾಜ್ಯವಾದ ಮೇಲೆ ಬೀದಿಗಳಿಗೆ ಎಲ್‌ಇಡಿ ದೀಪ ಬಂದವು. ಮನೆಗಳಿಗೂ ಬಂದವು. ಇಳಿಸಿದ ಹಳೆಯ ಟ್ಯೂಬುಗಳನ್ನು ಜನ ಪ್ರೀತಿಯಿಂದ ಗುರುಲಿಂಗನ ಬಾಗಿಲಿಗೇ ತಂದಿಟ್ಟರು. ಅಷ್ಟೊಂದು ಸಂಪತ್ತು ಕಂಡವನು ಹಿತ್ತಲಲ್ಲಿ ದಿನಾ ತಾಲೀಮು ಶುರುಮಾಡಿದ. ಒಡೆದ ಚೂರು ಗುಡಿಸಿ ಬಳಿಯುವ ಕೆಲಸ ಮಾತ್ರ ಹೆಂಡತಿ ಗಂಗಾಂಬಿಕೆಗೆ.

ಒಂದು ಬೆಳಿಗ್ಗೆ ಅವಳು ಬೆರಳು ಮುಂದೆ ಹಿಡಿದುಕೊಂಡು ಬಂದಳು. ತವರಿನವರು ರಾಯಚೂರಿನಲ್ಲಿ ಮಾಡಿಸಿಕೊಟ್ಟ ಬಂಗಾರದ ಉಂಗುರ ಅರ್ಧ ಬೆಳ್ಳಗಾಗಿತ್ತು.

"ಖರೇ ಹೇಳ್ರಿ. ನನ್ನ ಉಂಗುರ ಬದಲ ಮಾಡೀರೇನು?"

"ಬಸವಣ್ಣನಾಣೆ, ನಾ ಮುಟ್ಟಿಲ್ಲ! ನಿಮ್ಮಪ್ಪನೇ ಬೆಳ್ಳಿಗೆ ಬಂಗಾರ ಬಳದು ಕೊಟ್ಟಾನೇನೋ."

ಅಪ್ಪನ ಹೆಸರು ಬಂದಮೇಲೆ ಮಾತು ಮನೆಯೊಳಗೆ ನಿಲ್ಲಲಿಲ್ಲ. ಉಂಗುರ ಪರೀಕ್ಷೆ ಮಾಡಿಸಲು ಇಬ್ಬರೂ ಗದ್ವಾಲಿನ ಬಸ್ಸು ಹತ್ತಿದರು. ಒಬ್ಬರು ಮುಂದಿನ ಸೀಟು, ಒಬ್ಬರು ಹಿಂದಿನ ಸೀಟು.

ಗದ್ವಾಲಿನಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರ ಉರುಕುಂದಪ್ಪ ಉಂಗುರವನ್ನು ಚಿಮ್ಮಟದಲ್ಲಿ ಹಿಡಿದು ತಿರುಗಿಸಿ ನೋಡಿದ. "ಬಂಗಾರ ಚೊಕ್ಕ ಐತ್ರಿ. ಇದಕ್ಕ ಪಾದರಸ ಹತ್ತೈತಿ. ಮನಿಯಾಗ ಜ್ವರ ನೋಡೋ ಕಡ್ಡಿ ಒಡದೈತೇನ್ರಿ?"

"ಇಲ್ರಿ," ಅಂದ ಗುರುಲಿಂಗ. "ಟ್ಯೂಬ್‌ಲೈಟ್ ಒಡಿತೀನಿ."

"ಎಷ್ಟು?"

"ಊರಾಗ ಇದ್ದಷ್ಟೂ."

ಉರುಕುಂದಪ್ಪ ತನ್ನ ಪೀಠವನ್ನು ಮೆಲ್ಲಗೆ ಹಿಂದೆ ಸರಿಸಿಕೊಂಡ. ಟ್ಯೂಬಿನ ಹೊಟ್ಟೆಯಲ್ಲಿ ಚೂರು ಪಾದರಸ ಇರುತ್ತದೆ, ಒಡೆದಾಗ ಆವಿಯಾಗಿ ಉಸಿರಿನೊಳಗೆ ಹೋಗುತ್ತದೆ, ದಿನಾ ಕುಡಿದರೆ ನರಕ್ಕೆ ಕೆಟ್ಟದ್ದು, ಕೈ ನಡುಗುತ್ತವೆ ಎಂದ. ಗುರುಲಿಂಗ ತಟ್ಟನೆ ಎರಡೂ ಕೈ ಚಾಚಿ ನೋಡಿಕೊಂಡ. ನಡುಗುತ್ತಿದ್ದವು.

"ಅದು ಅಂಜಿಕಿಗ್ರಿ," ಅಂದಳು ಗಂಗಾಂಬಿಕೆ. ಆದರೂ ಆ ಕೈಗಳನ್ನು ಹಿಡಿದುಕೊಂಡಳು.

ಉಂಗುರ ಕಾಯಿಸಿದರೆ ಪಾದರಸ ಬಿಡುತ್ತದೆ, ಆದರೆ ಆ ಹೊಗೆ ತಾನು ಕುಡಿಯಲಾರೆ ಎಂದ ಉರುಕುಂದಪ್ಪ, ಅದನ್ನು ಮುಚ್ಚಳದ ಡಬ್ಬಿಗೆ ಹಾಕಿ ಹೈದರಾಬಾದಿನಲ್ಲಿ ಬಂಗಾರ ಶುದ್ಧಿ ಮಾಡುವ ದೊಡ್ಡ ಕಾರ್ಖಾನೆಗೆ ಕಳಿಸಿಕೊಟ್ಟ. ಹಳೆಯ ಬಲ್ಬು, ಬ್ಯಾಟರಿ ಒಯ್ಯುವ ಗಾಡಿ ನಾರಾಯಣಪೇಟೆಗೆ ಬರುತ್ತದೆ ಎಂಬ ದಾರಿಯನ್ನೂ ಅವನೇ ತೋರಿಸಿದ.

ವಾಪಸಾಗುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಉರುಕುಂದಪ್ಪ ಹೇಳಿದ್ದಂತೆ, ಪುಡಿ ಏಳದಿರಲೆಂದು ಹಿತ್ತಲಿನಲ್ಲಿ ಕಸಬರಿಗೆ ಮುಟ್ಟಲಿಲ್ಲ. ಚೂರುಗಳನ್ನು ದಪ್ಪ ರಟ್ಟಿನಿಂದ ಎತ್ತಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯ ಸಮೇತ ಬರಣಿಗೆ ತುಂಬಿ ಮುಚ್ಚಿದರು. ಇಡಿಯಾಗಿ ಉಳಿದ ಟ್ಯೂಬುಗಳಿಗೆ ಹೊದೆಯುವ ಕೌದಿ ಸುತ್ತಿದರು. ಜೋಳದ ಮೂಟೆಯನ್ನು ಲಾರಿಗೆ ದಡಕ್ಕನೆ ಒಗೆಯುವ ಗುರುಲಿಂಗ, ನಾರಾಯಣಪೇಟೆಯ ಬಸ್ಸಿನಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂತ. ಪಕ್ಕದ ಮುದುಕಿ ಪೆಂಟಮ್ಮ ಕೌದಿ ಸವರಿ ಕೇಳಿದಳು: "ಗಂಡೋ ಹೆಣ್ಣೋ, ತಮ್ಮಾ?"

"ಟ್ಯೂಬ್‌ಲೈಟ್, ಅವ್ವಾ. ಹುಷಾರು!"

ಗಾಡಿಯವನು ಬರಣಿ ಇಸಿದುಕೊಂಡು, ಟ್ಯೂಬುಗಳನ್ನು ಒಂದೊಂದಾಗಿ ಉದ್ದನೆಯ ಪೆಟ್ಟಿಗೆಯಲ್ಲಿ ಮಲಗಿಸಿದ. ತಮ್ಮ ಕಾರ್ಖಾನೆಯಲ್ಲಿ ಇವನ್ನು ಮುಚ್ಚಿದ ಯಂತ್ರದೊಳಗೆ ಒಡೆದು ಗಾಜು, ಪಾದರಸ ಬೇರೆ ಮಾಡುತ್ತಾರೆ ಎಂದ. ಒಡೆಯುವ ಕೆಲಸಕ್ಕೂ ಯಂತ್ರ ಬಂತಲ್ಲ ಎಂದು ಗುರುಲಿಂಗನಿಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

ಮುಂದಿನ ಗಣಪತಿಗೆ ಜನ ಬಿಡಲಿಲ್ಲ. "ಗುರುಲಿಂಗಾ, ಎದಿ ತೋರ್ಸಲೇ!" ಎಂದು ಕೂಗಿದರು. ಟ್ಯೂಬಿಲ್ಲದ ಅವನು ನಾಚಿಕೊಂಡು ನಿಂತಿದ್ದ. ಆಗ ಗಂಗಾಂಬಿಕೆ ಒಣ ಜೋಳದ ದಂಟಿನ ಕಟ್ಟು ಹೊತ್ತು ಬಂದಳು. ಒಂದು ದಂಟು ಹಿರಿದು ಗಂಡನ ಬೆನ್ನಿಗೆ ಬಾರಿಸಿದಳು. ದಂಟು ಚಟ್ಟೆಂದು ಮುರಿಯಿತು. ಜನರ ಸಿಳ್ಳೆಗೆ ಡೊಳ್ಳಿನ ಸದ್ದೂ ಅಡಗಿತು. ಹೆಂಗಸರಂತೂ "ಇನ್ನೊಂದು ಹಾಕ್ರೀ ಅಕ್ಕಾ!" ಎಂದು ಮುಂದೆ ನುಗ್ಗಿ ಬಂದರು.

"ನೋವಾತೇನ್ರಿ?" ಗಂಗಾಂಬಿಕೆ ಕಿವಿಯಲ್ಲಿ ಕೇಳಿದಳು.

"ಏನಿಲ್ಲ. ಜನಕ್ಕ ಖುಷಿ ಆಗೈತಿ, ಜೋರಾಗಿ ಹಾಕು."

ಅವಳು ಸೆರಗು ಬಿಗಿದುಕೊಂಡಳು.