ಕಪ್ಪಿನೊಳಗೆ ಹೋದ ಲಾರಿ

ಮೆರಿನ್ ಮೊದಲ ಸಲ ಡಲ್ಸಿಯನ್ನು ನೋಡಿದ್ದು ಮರ್ವ್‌ನ ರೇಡಿಯೊ ಅಂಗಡಿಯಲ್ಲಿ. ಕಿವಿಯ ಯಂತ್ರಕ್ಕೆ ಬ್ಯಾಟರಿ ಕೊಳ್ಳಲು ಬಂದಿದ್ದ ಡಲ್ಸಿ ಸತ್ತ ಗಂಡನ ಟೋಪಿ ಹಾಕಿಕೊಂಡು, ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು ಜಾಮ್ ಹಚ್ಚಿದ ಸ್ಕೋನ್ ಬನ್ ತಿನ್ನುತ್ತಿದ್ದಳು. ಬೂಟಿಗೆ ಕುರಿಹಿಕ್ಕೆ ಮೆತ್ತಿತ್ತು.

ನಗರದ ಮೆರಿನ್ ಮದುವೆಯಾಗಿ ಈ ಗೋಧಿ ಸೀಮೆಗೆ ಬಂದು ಒಂದು ಚಳಿಗಾಲವಷ್ಟೇ ಕಳೆದಿತ್ತು. ಗಂಡ ಡಾರಿಲ್ ಊರಿನ ಬೆಂಕಿ ಆರಿಸುವ ದಳದ ಸ್ವಯಂಸೇವಕ. ಅವನು ದಳದ ಲಾರಿ ಹತ್ತಿದರೆ ಸಾಕು, ವಾಪಸ್ ಬರುವವರೆಗೂ ಅವಳು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಆ ಲಾರಿ ಓಡಿಸುವವನು ಡಲ್ಸಿಯ ಮಗ ಗ್ಲೆನ್.

"ದಳದವರ ಮಾತು ಕೇಳೋ ಸ್ಕ್ಯಾನರ್ ಬೇಕು. ಎಲ್ಲಕ್ಕಿಂತ ದೊಡ್ಡದು ಕೊಡಿ," ಎಂದಳು ಮೆರಿನ್.

"ದೊಡ್ಡದು ಯಾಕವ್ವ? ಏನು ಕೇಳ್ಬೇಕು ಅಂತ ಮೊದ್ಲು ತೀರ್ಮಾನ ಮಾಡು, ಆಮೇಲೆ ಡಬ್ಬ ಆರ್ಸು," ಎಂದ ಮರ್ವ್. "ಪೊಲೀಸ್ರ ಮಾತೆಲ್ಲ ಈಗ ಗುಪ್ತ ಸಂಕೇತ. ಎಂಥಾ ದುಬಾರಿ ಪೆಟ್ಟಿಗೆ ತಗೊಂಡ್ರೂ ಬರೀ ಗೊರ್ ಅನ್ನತ್ತೆ. ನಮ್ಮ ಬೆಂಕಿ ಲಾರಿಗಳು ಇನ್ನೂ ಹಳೇ ನಮೂನೆ ರೇಡಿಯೊದಲ್ಲೇ ಕೂಗಾಡ್ತಾವೆ. ಈ ಕೈಲಿ ಹಿಡಿಯೋದೇ ಸಾಕು. ಮನೆ ಮೇಲೊಂದು ಒಳ್ಳೆ ಏರಿಯಲ್ ಹಾಕ್ಸು."

"ಕದ್ದು ಕೇಳೋದು ತಪ್ಪಲ್ವಾ?"

"ಕೇಳ್ಬೋದು. ಕೇಳಿದ್ದನ್ನ ಇನ್ನೊಬ್ರಿಗೆ ದಾಟಿಸ್ಬಾರ್ದು. ಫೇಸ್‌ಬುಕ್ಕಿಗೆ ಹಾಕ್ಬೇಡ, ಬೆಂಕಿ ನೋಡೋಕೆ ಕಾರು ಓಡಿಸ್ಬೇಡ. ಮನೆ ಬಿಡ್ಬೇಕೋ ಬೇಡ್ವೋ ಅನ್ನೋದಕ್ಕೆ ಸರ್ಕಾರದ ಎಚ್ಚರಿಕೆ ನೋಡು, ಇದನ್ನಲ್ಲ."

"ಕಿವಿ ಕೊಂಡ್ಕೊ, ಬಾಯಿ ಇಲ್ಲೇ ಬಿಟ್ಟುಹೋಗು ಅಂತ ಅರ್ಥ," ಎಂದು ಡಲ್ಸಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಂಗಂತೂ ಏನೂ ಹೇಳ್ಬೇಡ ಹುಡುಗಿ. ಗ್ಲೆನ್ ಸುದ್ದಿ ಅರ್ಧ ಕಿವಿಗೆ ಬಿದ್ರೂ ಪಿಕಪ್ ಹತ್ತಿ ಬೆಂಕಿಗೇ ನುಗ್ತೀನಿ. ನನ್ನ ಬುದ್ಧಿ ನಂಗೊತ್ತು," ಎಂದಳು.

ಕಡು ಬೇಸಿಗೆಯ ಫೆಬ್ರುವರಿಯಲ್ಲಿ ಬಿಸಿ ಬಡಗಾಳಿ ಎದ್ದ ದಿನ ಊರಾಚೆಯ ಆಡುಗುಡ್ಡದ ಹಿಂದೆ ಹೊಗೆ ಕಂಡಿತು. ಡಾರಿಲ್ ಅರ್ಧ ಸ್ಯಾಂಡ್‌ವಿಚ್ ತಟ್ಟೆಯಲ್ಲೇ ಬಿಟ್ಟು ಓಡಿದ. ಮೆರಿನ್ ಅಡುಗೆಮನೆಯಲ್ಲಿ ಸ್ಕ್ಯಾನರ್ ಹಚ್ಚಿ ಕೂತಳು. ಕಿಟಕಿಯ ಬೆಳಕು ಕಿತ್ತಳೆ ಬಣ್ಣಕ್ಕೆ ತಿರುಗಿತು. ಅವಳಿದ್ದ ಕಡೆಗೆ ಸರ್ಕಾರದ ಎಚ್ಚರಿಕೆ ಇರಲಿಲ್ಲ.

ಗೊರಗೊರದ ನಡುವೆ ಡಾರಿಲ್‌ನ ದನಿ ಚೀರಿತು: "ಗಾಳಿ ತಿರುಗ್ತು! ನಮ್ಮ ಮೇಲೇ ಬರ್ತಿದೆ! ಕಪ್ಪಿನೊಳಗೆ ಹೋಗ್ತಿದೀವಿ... ಕಪ್ಪಿನೊಳಗೆ..."

ಆಮೇಲೆ ಸದ್ದೇ ಇಲ್ಲ.

ಕಪ್ಪು ಹೊಗೆ ಲಾರಿಯನ್ನು ನುಂಗುವುದು ಅವಳ ಕಣ್ಣಿಗೆ ಕಟ್ಟಿತು. ಕೈ ತಾನಾಗಿಯೇ ಡಲ್ಸಿಗೆ ಫೋನ್ ಹಚ್ಚಿತು. ನಿನ್ನ ಮಗನೂ ನನ್ನ ಗಂಡನೂ ಹೋದರು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅತ್ತ ಕಡೆ ನಾಯಿ ಬೊಗಳಿತು, ಪಿಕಪ್ಪಿನ ಕೀಲಿಕೈ ಗೊಂಚಲು ಝಣಗುಟ್ಟಿತು. ಡಲ್ಸಿ ಕಾಯುತ್ತಿದ್ದಳು, ಒಂದು ಮಾತು ಸಾಕಿತ್ತು, ಅವಳು ಹೊರಟುಬಿಡುತ್ತಿದ್ದಳು. ಅದರ ಸದ್ದು ಫೋನಿಗೆ ಕೇಳದಂತೆ ಮೆರಿನ್ ಸ್ಕ್ಯಾನರನ್ನು ಎದೆಗೆ ಒತ್ತಿ ಹಿಡಿದಳು.

"ಡಲ್ಸಿ, ಬೆಂಕಿ ದಳದವರು 'ಕಪ್ಪು' ಅಂದ್ರೆ ಏನು?"

"ಸುಟ್ಟ ನೆಲ ಕಣೇ. ಉರಿದ ಹುಲ್ಲು ಇನ್ನೊಂದ್ಸಲ ಉರಿಯತ್ತಾ? ಗಾಳಿ ತಿರುಗಿದ್ರೆ ಲಾರಿನ ಅದರೊಳಕ್ಕೆ ನುಗ್ಗಿಸ್ತಾರೆ. ಅದಕ್ಕಿಂತ ಭದ್ರವಾದ ಜಾಗ ಇಲ್ಲ. ಯಾಕೆ ಕೇಳ್ದೆ?"

"ಸುಮ್ನೆ. ಪದದ ಅರ್ಥ..."

"ಈ ಸೆಕೇಲಿ ಪಾಠ ಹೇಳಿಸ್ಕೊಳ್ತಿದೀಯಾ?" ಡಲ್ಸಿ ಕುರ್ಚಿ ಎಳೆದುಕೊಂಡ ಸದ್ದಾಯಿತು. "ಫೋನ್ ಇಡ್ಬೇಡ. ಏನಾದ್ರೂ ಮಾತಾಡ್ತಿರು."

ಇಬ್ಬರೂ ಪ್ಲಮ್ ಜಾಮಿಗೆ ಎಷ್ಟು ಸಕ್ಕರೆ ಹಾಕಬೇಕೆಂದು ಮಾತಾಡಿದರು. ಕೇಳಿದ್ದನ್ನೇ ಮತ್ತೆ ಕೇಳಿದರು. ಕೊನೆಗೆ ಮೆರಿನ್‌ಳ ಎದೆಯ ಮೇಲೆ ಸ್ಕ್ಯಾನರ್ ಗುರುಗುಟ್ಟಿತು, ಡಾರಿಲ್‌ನ ದನಿ. "ಎಲ್ಲಾ ಕ್ಷೇಮ. ನೀರು ಕಳ್ಸಿ." ಅವಳು ತುಟಿ ಕಚ್ಚಿಕೊಂಡಳು. ಹೇಳಲಿಲ್ಲ. ಆದರೆ ಅತ್ತುಬಿಟ್ಟಳು, ಅದು ನೆಮ್ಮದಿಯ ಅಳು ಎಂದು ಗುರುತಿಸಿಯೇ ಇರಬೇಕು, ಅತ್ತ ಡಲ್ಸಿ ಕೀಲಿಕೈ ಮೇಜಿನ ಮೇಲೆ ಇಟ್ಟ ಸದ್ದಾಯಿತು. ಸಂಜೆ ಗ್ಲೆನ್ ತಾನೇ ತಾಯಿಗೆ ಫೋನ್ ಮಾಡಿದ.

ಈಗ ಮೆರಿನ್ ದಳಕ್ಕೆ ಸೇರಿದ್ದಾಳೆ. ಬೇಸಿಗೆಯಲ್ಲಿ ಲಾರಿ ನಿಲ್ಲುವ ಶೆಡ್ಡಿನ ರೇಡಿಯೊ ಮುಂದೆ ಕೂತು ಲಾರಿಗಳ ಕರೆಗೆ ಉತ್ತರ ಕೊಡುತ್ತಾಳೆ.