ಗೆರೆಯಣ್ಣ ಎಳೆಯದೆ ಬಿಟ್ಟ ಗೆರೆ

ನಾವೆಲ್ಲ ಅವನನ್ನು ಗೆರೆಯಣ್ಣ ಎಂದೇ ಕರೆಯುತ್ತಿದ್ದೆವು. ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಗೆರೆ ಎಳೆಯುವುದು. ನಮ್ಮ ಸಂಸ್ಥೆಯ ಅರ್ಥಶಾಸ್ತ್ರಜ್ಞರು ಸುತ್ತಲಿನ ಏಳು ಜಿಲ್ಲೆಗಳ ವ್ಯಾಪಾರ, ಬ್ಯಾಂಕು, ಬೆಳವಣಿಗೆ ಎಲ್ಲವನ್ನೂ ಅಳೆದು ಸುರಿದು ವರ್ಷಕ್ಕೊಂದು ದಪ್ಪ ವರದಿ ಬರೆಯುತ್ತಿದ್ದರು. ಅದರ ನಡುವೆ ಮಡಿಸಿ ಅಂಟಿಸಿದ ಒಂದು ನಕ್ಷೆ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಸರಕು ಹೋಯಿತು ಎಂಬುದನ್ನು ಬಾಣದ ಗೆರೆಗಳಲ್ಲಿ ತೋರಿಸುವ ನಕ್ಷೆ. ಸರಕು ಹೆಚ್ಚಿದ್ದರೆ ಗೆರೆ ದಪ್ಪ, ಕಡಿಮೆಯಿದ್ದರೆ ಸಪೂರ. ನಕ್ಷೆ ಅವನದು, ವರದಿಯ ಬೆನ್ನು ಹೊಲಿದು ರಟ್ಟು ಕಟ್ಟುವುದು ನನ್ನದು. ನಾನು ಶಾಲೆಯ ಬೆಂಚು ಸವೆಸಿದ್ದು ನಾಲ್ಕೇ ವರ್ಷ. ಆದರೂ ಆ ವರದಿಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವನು ನಾನು ಎಂದು ಎದೆ ತಟ್ಟಿ ಹೇಳಬಲ್ಲೆ. ಬರೆದವರೆಲ್ಲ ಓದಿದ್ದರೆಂಬ ಭರವಸೆ ನನಗಿಲ್ಲ.

ಅವನ ಕೋಣೆ ಮೂರನೆಯ ಮಹಡಿಯಲ್ಲಿ, ಹೊಳೆಯ ಕಡೆಗೆ ಮುಖ ಮಾಡಿತ್ತು. ಇಳಿಜಾರು ಮೇಜು, ಅದರ ನಡುವೆ ಗಾಜಿನ ಹಲಗೆ, ಗಾಜಿನ ಕೆಳಗೆ ದೀಪ. ಅದರ ಮೇಲೆ ತೆಳು ಹಾಳೆ ಹಾಸಿ ಬಗ್ಗಿದನೆಂದರೆ ಕೆಳಗಿನಿಂದ ಬೆಳಕು ಬಿದ್ದು ಅವನ ಮುಖ ನೀರಿನೊಳಗಿಂದ ನೋಡುವವನ ಮುಖದಂತೆ ಕಾಣುತ್ತಿತ್ತು. ಶಾಯಿಯ ಲೇಖನಿ ಕಿರ್ರೆನ್ನುತ್ತ ಸರಿಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಗೆರೆ ಮುಗಿದ ಮೇಲೆ ಕಣ್ಣು ಅರೆಮುಚ್ಚಿ ಕೂರುತ್ತಿದ್ದ.

"ಏನಯ್ಯ, ನಿದ್ದೆನಾ?" ಎಂದರೆ, "ಮಾತಾಡ್ಬೇಡ, ಹರೀತಾ ಇದೆ" ಎನ್ನುತ್ತಿದ್ದ.

ಅವನ ಕಣ್ಣಿಗೆ ಗೆರೆಗಳು ನಿಂತಿರುತ್ತಿರಲಿಲ್ಲ. ಕಲ್ಲು, ಹತ್ತಿ, ಹಂಚು, ಕಾಗದ, ಎಲ್ಲವೂ ಆ ಕಪ್ಪು ಕಾಲುವೆಗಳಲ್ಲಿ ಮೆಲ್ಲಗೆ ತೇಲಿ ಹೋಗುತ್ತಿದ್ದವು. ಅವನ ಪಕ್ಕದ ಸ್ಟೂಲಿನ ಮೇಲೆ ಕೂತು ಕೂತು ನನಗೂ ಕೆಲವೊಮ್ಮೆ ಹಾಗೆ ಕಂಡದ್ದುಂಟು.

ಎಳೆಯುತ್ತಿದ್ದ ಕೈ ನಿಲ್ಲುತ್ತಿದ್ದುದು ಒಂದೇ ಸದ್ದಿಗೆ. ಎದುರು ದಡದಿಂದ ಹೊರಡುವ ಲಾಂಚು ಕೂಗಿದಾಗ. ಆ ದಡದಲ್ಲಿ ಅವನ ಅಕ್ಕ ಇದ್ದಳು, ತಾಯಿ ತೀರಿದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವಳ ಕಸುಬು. ದಿನಾ ಬೆಳಿಗ್ಗೆ ಹೆಣೆದ ಕುರ್ಚಿ ಎರಡನ್ನು ಒಂದರೊಳಗೊಂದು ಸಿಕ್ಕಿಸಿ, ತಲೆಯ ಮೇಲೆ ಹೊತ್ತು ಲಾಂಚು ಹತ್ತುವಳು. ಸಂಜೆ ಹರಿದ ಕುರ್ಚಿಗಳೊಂದಿಗೆ ಮರಳುವಳು. ಸೇತುವೆಯ ಮೇಲೆ ಬರಬೇಕೆಂದರೆ ನಲವತ್ತು ಮೈಲಿ ಸುತ್ತು. ಲಾಂಚು ಇದ್ದರೆ ಕಸುಬು, ಇಲ್ಲದಿದ್ದರೆ ಇಲ್ಲ.

ಒಂದು ಚಳಿಗಾಲ, ಹೊಲಿಯುವ ಮೊದಲಿನ ಕರಡು ಹಾಳೆಗಳು ನನ್ನ ಕೈಗೆ ಬಂದವು. ಎಂದಿನಂತೆ ಓದುತ್ತ ಹೋದೆ. ನೂರ ಹನ್ನೆರಡನೆಯ ಪುಟಕ್ಕೆ ಬಂದು ನಿಂತೆ. "ಎದುರು ದಡದ ಹಳ್ಳಿಗಳಿಗೂ ಈ ಪಟ್ಟಣಕ್ಕೂ ಮೂವತ್ತು ವರ್ಷಗಳಿಂದ ವ್ಯಾಪಾರವಿಲ್ಲ, ನಕ್ಷೆಗಳನ್ನು ನೋಡಿ. ಲಾಂಚು ನಿಲ್ಲಿಸಿದರೆ ಪ್ರದೇಶದ ಬೆಳವಣಿಗೆಗೆ ಧಕ್ಕೆಯಾಗದು." ವರದಿ ಇನ್ನೆಂಟು ದಿನಕ್ಕೆ ಸಾರಿಗೆ ಇಲಾಖೆಗೆ ಹೋಗುವುದಿತ್ತು.

ಹಾಳೆ ಹಿಡಿದು ಮೆಟ್ಟಿಲು ಹತ್ತಿದೆ. ಗೆರೆಯಣ್ಣ ಓದಿದ. ಮತ್ತೊಮ್ಮೆ ಓದಿದ. ಗಾಜಿನ ದೀಪ ಆರಿಸಿದ.

"ಇದು ನನ್ ಕೈ ಕೆಲಸ ಕಣಯ್ಯ" ಎಂದ.

"ಬರೆದಿರೋದು ಅವರಲ್ವಾ?"

"ಬರೆದಿದ್ದು ಅವರು. ಬಿಟ್ಟಿದ್ದು ನಾನು."

ಆಗ ಹೊರಬಿತ್ತು ಸಂಗತಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವನೇ ಒಂದು ನಿಯಮ ಮಾಡಿದ್ದ. ಅವನ ಸಣ್ಣ ಲೇಖನಿಯ ಗೆರೆಗಿಂತ ಸಪೂರವಾದದ್ದು ಅಚ್ಚಿನಲ್ಲಿ ಒಡೆದುಹೋಗುತ್ತಿತ್ತು. ಅದಕ್ಕೆ, ವರ್ಷಕ್ಕೆ ಐನೂರು ಟನ್ನಿಗಿಂತ ಕಡಿಮೆ ಸರಕು ಹೋಗುವ ದಾರಿಗೆ ಗೆರೆ ಬೇಡ ಎಂದು ಆಗಿನ ಹಿರಿಯರಿಗೆ ಹೇಳಿ ಒಪ್ಪಿಸಿದ್ದ. ನಕ್ಷೆಯ ಅಡಿಯಲ್ಲಿ ಆ ಮಾತು ಚಿಕ್ಕ ಅಕ್ಷರದಲ್ಲಿ ಇರುತ್ತಿತ್ತು. ಎಲ್ಲರಿಗೂ ಗೊತ್ತಿರುವುದೇ ಎಂದು ಯಾವುದೋ ವರ್ಷ ಅದನ್ನು ತೆಗೆದರು. ಗೊತ್ತಿದ್ದವರು ಒಬ್ಬೊಬ್ಬರೇ ನಿವೃತ್ತರಾದರು. ಹೊಸಬರು ಬಂದರು, ಹಳೆಯ ನಕ್ಷೆಗಳನ್ನು ಸಾಲಾಗಿ ಹರಡಿದರು, ಹೊಳೆಯ ಮೇಲೆ ಬಿಳಿ ಕಾಗದ ಕಂಡು ಏನೂ ಇಲ್ಲವೆಂದು ಬರೆದರು. ಅಕ್ಕನ ದಡಕ್ಕೆ ಹೋಗುವ ಗೆರೆಯನ್ನು ತಮ್ಮನೇ ಮೂವತ್ತೊಂದು ಸಲ ಎಳೆಯದೆ ಬಿಟ್ಟಿದ್ದ. ಅದೂ ಕಿಟಕಿಯಲ್ಲಿ ಲಾಂಚು ನೋಡುತ್ತಲೇ.

ಮರುದಿನ ಹೋದಾಗ ಗಾಜಿನ ಮೇಲೆ ನಕ್ಷೆಯಿತ್ತು. ಹೊಳೆಗೆ ಅಡ್ಡವಾಗಿ ಬೆರಳಿನಷ್ಟು ದಪ್ಪದ ಹೊಸ ಬಾಣ, ಶಾಯಿ ಇನ್ನೂ ಹೊಳೆಯುತ್ತಿತ್ತು. ಅವನ ಬಾಣಗಳಲ್ಲೆಲ್ಲ ಅದೇ ಚೆಂದ.

"ಏನಯ್ಯ ಇದು? ನಿಮ್ಮಕ್ಕ ಕುರ್ಚಿ ತರ್ತಾಳೋ, ಬೆಟ್ಟ ಹೊತ್ಕೊಂಡು ಬರ್ತಾಳೋ?"

ಅವನು ನಗಲಿಲ್ಲ. ಶಾಯಿ ಒಣಗುವ ತನಕ ನೋಡುತ್ತ ಕೂತ. "ನೋಡು, ಇದೊಂದೇ ಹರೀತಿಲ್ಲ" ಎಂದವನೇ ಬ್ಲೇಡು ತೆಗೆದುಕೊಂಡು ಹೆರೆಯತೊಡಗಿದ. ಕಪ್ಪು ಪುಡಿ ಉದುರಿತು. ಬಾಣವಿದ್ದ ಕಡೆ ಹಾಳೆ ಮಂಜು ಕವಿದ ಹಾಗೆ ಮಸುಕಾಯಿತು. ಅಂಗಿಯ ತೋಳು ಇಳಿಸಿ, ಗುಂಡಿ ಹಾಕಿಕೊಂಡು, ಸೀದಾ ಮೇಡಂ ಕೋಣೆಗೆ ಹೋದ. ಮೇಡಂ ಎಂದರೆ ಆ ವರದಿ ಬರೆಸುತ್ತಿದ್ದ ಮುಖ್ಯ ಅರ್ಥಶಾಸ್ತ್ರಜ್ಞೆ. ನಾನೂ ಬಾಲದಂತೆ ಹಿಂದೆ ಹೋದೆ.

ಅವನು ಹೇಳಿದ್ದನ್ನೆಲ್ಲ ಕೇಳಿ ಮೇಡಂ ಕನ್ನಡಕ ತೆಗೆದಿಟ್ಟರು.

"ಹಾಗಾದ್ರೆ ಇಷ್ಟು ದಿನ ನಾವು ಓದಿದ್ದು ವ್ಯಾಪಾರವನ್ನಲ್ಲ, ನಿಮ್ಮ ಲೇಖನಿಯ ಮೊನೇನ?"

"ಅದನ್ನೇ ಅಮ್ಮ."

"ಹಳೇ ಅಂಕಿ ಅಂಶ ಏನ್ ಹೇಳುತ್ತೆ?"

"ಅದೂ ಪೂರ್ತಿ ಇಲ್ಲಮ್ಮ. ಲಾಂಚಿನಲ್ಲಿ ರಸೀದಿ ಹಾಕ್ಸಿದ ಸರಕು ಮಾತ್ರ ಲೆಕ್ಕ. ತಲೆ ಮೇಲೆ, ಕಂಕುಳಲ್ಲಿ ಬರೋದಕ್ಕೆ ರಸೀದಿ ಯಾರು ಹಾಕ್ತಾರೆ?"

"ನಿಮ್ಮ ಅಕ್ಕ ಅಲ್ಲಿದ್ದಾರೆ ಅಂತ ನನಗೆ ಗೊತ್ತು. ಅದಕ್ಕೆ ಹೇಳ್ತಿದ್ದೀರಾ?"

ನಾನು ನೆಲ ನೋಡಿದೆ. ಅವನು ಮಾತ್ರ ತಲೆ ತಗ್ಗಿಸಲಿಲ್ಲ. "ಅದಕ್ಕೇ ದಪ್ಪ ಗೆರೆ ಎಳೆದಿದ್ದೆ. ಕೆರೆದು ಹಾಕಿ ಬಂದೆ. ನೀವೇ ಬಂದು ತೂಗಿ ನೋಡಿ."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು, "ಮೊದಲ ಲಾಂಚು ಎಷ್ಟು ಗಂಟೆಗೆ?" ಎಂದರು.

ಲಾಂಚಿನಲ್ಲಿ ತೂಗಿದ ಆ ಆರು ದಿನ ನನ್ನ ನೆನಪಿನಲ್ಲಿ ಒಂದೇ ಬೆಳಗಿನಂತೆ ಉಳಿದಿವೆ. ಲಾಂಚಿನ ಚಾವಣಿಗೆ ಕೊಕ್ಕೆಯ ತಕ್ಕಡಿ ತೂಗುಹಾಕಿದ್ದೆವು. ಸುತ್ತ ಹಾಲಿನಂಥ ಮಂಜು. ದಡ ಬಿಟ್ಟು ನಾಲ್ಕು ಮಾರು ಹೋದರೆ ಆ ದಡವೂ ಇಲ್ಲ, ಈ ದಡವೂ ಇಲ್ಲ. ಜನ ಮಾತ್ರ ಮಂಜಿನಿಂದ ಒಬ್ಬೊಬ್ಬರೇ ಮೂಡಿ ಬಂದು ಹೊರೆ ಇಳಿಸುವರು: ಮೊಟ್ಟೆಯ ಬುಟ್ಟಿ, ಪೊರಕೆಯ ಕಟ್ಟು, ಹೊಲಿದ ಅಂಗಿಗಳ ಗಂಟು, ಹತ್ತಿ ತುಂಬಿದ ದಿಂಬು, ರಿಪೇರಿಯಾದ ಗೋಡೆ ಗಡಿಯಾರ. ಕೊಕ್ಕೆಯಲ್ಲಿ ತೂಗಾಡುತ್ತಲೇ ಆ ಗಡಿಯಾರ ಏಳು ಹೊಡೆಯಿತು. ಗೆರೆಯಣ್ಣ ತೂಕ ಕೂಗಿ ಹೇಳುವನು, ಮೇಡಂ ಬರೆದುಕೊಳ್ಳುವರು.

ಅವನ ಅಕ್ಕ ಮೊದಲ ದಿನವೇ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನೋ ಇದು, ನನ್ ಕುರ್ಚಿನ ಕೊಕ್ಕೆಗೆ ನೇತು ಹಾಕ್ತೀಯ? ಕೂರೋ ವಸ್ತು ಕಣೋ ಅದು!"

"ಸುಮ್ನಿರಕ್ಕ. ಹನ್ನೆರಡು ಕಿಲೋ!"

"ಜೋರಾಗಿ ಕೂಗು. ನಿನ್ನ ಹೊತ್ತು ತಿರುಗ್ತಿದ್ದಾಗ ನೀನು ಇದಕ್ಕಿಂತ ಭಾರ ಇದ್ದೆ, ಯಾರೂ ಬರ್ಕೊಳ್ಳಲಿಲ್ಲ."

ಮೇಡಂ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಏಳನೆಯ ದಿನ ಕೂಡಿ, ಗುಣಿಸಿ ನೋಡಿದರೆ ವರ್ಷಕ್ಕೆ ಹತ್ತಿರ ಹತ್ತಿರ ಮುನ್ನೂರು ಟನ್ನು. ನನ್ನ ಉತ್ಸಾಹ ಜರ್ರನೆ ಇಳಿಯಿತು. ಐನೂರು ಮುಟ್ಟಲಿಲ್ಲ. ಎಳೆದರೂ ಗೆರೆ ಅಚ್ಚಿನಲ್ಲಿ ಒಡೆಯುವಷ್ಟು ಸಪೂರ.

"ಈಗೇನು ಮಾಡ್ತೀರಿ ಗೆರೆಯಣ್ಣ?" ಎಂದರು ಮೇಡಂ. ಕಿಟಕಿಯಾಚೆ ಲಾಂಚು ಕೂಗಿತು. ಮೋಟರಿನ ಹಿಂದೆ ನೊರೆ ತುಂಡು ತುಂಡಾಗಿ ತೇಲುತ್ತಿತ್ತು. ಅದನ್ನೇ ನೋಡುತ್ತ ನಿಂತವನು ಹೇಳಿದ: "ಸಪೂರ ಗೆರೆ ಒಡೆಯುತ್ತಮ್ಮ. ಚುಕ್ಕೆ ಒಡೆಯಲ್ಲ."

ಹತ್ತು ಟನ್ನಿಗೊಂದು ಚುಕ್ಕೆ. ಹೊಳೆಯ ಆ ದಡದಿಂದ ಈ ದಡಕ್ಕೆ ಮೂವತ್ತು ಚುಕ್ಕೆ ಇಟ್ಟ, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬ್ಲೇಡು ಹೆರೆದಿದ್ದ ಮಸುಕಿನ ಮೇಲೇ ಅವು ಸಾಗಿದವು. ಅಡಿಯಲ್ಲಿ ಚಿಕ್ಕ ಅಕ್ಷರದ ಹಳೆಯ ಮಾತೂ ಮರಳಿತು. ನೂರ ಹನ್ನೆರಡನೆಯ ಪುಟವನ್ನು ಮೇಡಂ ತಾವೇ ಹರಿದು ಹೊಸದಾಗಿ ಬರೆದರು. ಆ ಹಾಳೆಯನ್ನು ಹೊಲಿಯುವಾಗ ನಾನು ಎರಡು ಎಳೆ ದಾರ ಹಾಕಿದೆ.

ಇಲಾಖೆ ಮಧ್ಯಾಹ್ನದ ಲಾಂಚನ್ನು ನಿಲ್ಲಿಸಿತು. ಬೆಳಗಿನದೂ ಸಂಜೆಯದೂ ಉಳಿದವು. ಅಕ್ಕನಿಗೆ ಬೇಕಾದ್ದು ಅವೆರಡೇ.

ವರದಿ ಅಚ್ಚಾದ ಮೇಲೆ ಸಂಜೆಯ ಲಾಂಚಿನಲ್ಲಿ ಅವಳ ಮುಂದೆ ನಕ್ಷೆ ಬಿಡಿಸಿದೆವು. ಹರಿದ ಕುರ್ಚಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬಗ್ಗಿ ನೋಡಿದಳು.

"ಇದ್ರಲ್ಲಿ ನಾನ್ ಯಾವುದೋ?"

ಗೆರೆಯಣ್ಣ ನಡುಹೊಳೆಯ ಒಂದು ಚುಕ್ಕೆಯ ಮೇಲೆ ಬೆರಳಿಟ್ಟ. "ಇದು. ಆದ್ರೆ ಪೂರ್ತಿ ನೀನಲ್ಲಕ್ಕ. ವರ್ಷಕ್ಕೆ ಮೂರೂವರೆ ಟನ್ನು ಹೊರ್ತೀಯ. ಮೂರ್ನೇ ಒಂದು ಪಾಲಿಗಿಂತ ಚೂರು ಜಾಸ್ತಿ."

"ಮಿಕ್ಕಿದ್ದು ಯಾರು?"

"ಮೊಟ್ಟೆ ಬುಟ್ಟಿಯವಳು. ಮತ್ತೆ ಪೊರಕೆಯವನು."

"ಆ ಪೊರಕೆಯವನ ಜೊತೆ ಒಂದೇ ಚುಕ್ಕೇಲಿ ಕೂರಿಸಿದ್ಯಾ ನನ್ನ?" ಎಂದು ಅವಳು ತಮ್ಮನ ಬೆನ್ನಿಗೆ ಗುದ್ದಿದಳು. ಆಮೇಲೆ ಬೆತ್ತ ಎಳೆದು ಎಳೆದು ಗಟ್ಟಿಯಾದ ಬೆರಳನ್ನು ಆ ಚುಕ್ಕೆಯ ಮೇಲಿಟ್ಟು ಹಾಗೇ ಕೂತಳು. ಗೆರೆಯಣ್ಣ ಕಣ್ಣು ಅರೆಮುಚ್ಚಿದ. ನಾನು ಮಾತಾಡಿಸಲಿಲ್ಲ. ಅವನಿಗೆ ಹರಿಯುವುದು ಕಾಣುತ್ತಿದೆ ಎಂದು ನನಗೆ ಗೊತ್ತಿತ್ತು.